ಅಂದು ಹೇಳಿದವಳು

ಫಳ್ನೀರಿನ ಆ ಕಟ್ಟಡದಲ್ಲಿ ಕೆಳಗೆ ಹಲ್ಲಿನ ಡಾಕ್ಟರು, ಮಹಡಿಯ ಮೇಲೆ ಮನಸ್ಸಿನ ಡಾಕ್ಟರು. ಇಬ್ಬರಿಗೂ ಒಂದೇ ಗೇಟು. ಇದೊಂದು ದಯೆಯನ್ನಾದರೂ ದೇವರು ತನಗೆ ತೋರಿಸಿದನಲ್ಲ ಎಂದು ರೊಸಾಲಿನ್ ಆ ಗೇಟು ದೂಡುವಾಗಲೆಲ್ಲ ಅಂದುಕೊಳ್ಳುತ್ತಿದ್ದಳು. ರಸ್ತೆಯ ತಿರುವಿನಲ್ಲೇ ಕರ್ಚೀಫು ಮಡಚಿ ಬಲಗೆನ್ನೆಗೆ ಒತ್ತಿಕೊಳ್ಳುವುದು, ತುಸು ತಲೆ ಬಾಗಿಸಿ ನಡೆಯುವುದು, ಕೆಳಗಿನ ಬೆಂಚಿನಲ್ಲಿ ಗುರುತಿನವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮೆಟ್ಟಿಲಿನ ಕಡೆಗೆ ಸರಿಯುವುದು, ಇವೆಲ್ಲ ಕೆಲವು ತಿಂಗಳಲ್ಲಿ ಅಭ್ಯಾಸವಾಗಿದ್ದವು. ಆ ಶನಿವಾರ ಮಾತ್ರ ಬೆಂಚಿನಲ್ಲಿ ಹಬೀಬಾ ಕುಳಿತಿದ್ದಳು. ಅವಳ ಮಗಳು ಸೌದಾ ರೊಸಾಲಿನ್‌ಳ ಕ್ಲಾಸಿನಲ್ಲಿದ್ದಳು. ಬಂದರಿನಲ್ಲಿ ಅವರದು ಒಣಮೀನಿನ ವ್ಯಾಪಾರ. "ಟೀಚರಿಗೂ ಹಲ್ಲು ನೋವಾ?" ಎಂದು ಹಬೀಬಾ ಮರುಕದಿಂದ ಸರಿದು ಜಾಗ ಮಾಡಿಕೊಟ್ಟಳು. ಕುಳಿತುಕೊಳ್ಳದೆ ವಿಧಿಯಿರಲಿಲ್ಲ. "ಲವಂಗ ಕಚ್ಚಿ ಹಿಡೀರಿ. ನನ್ನದು ಕೀಳ್ಲಿಕ್ಕೇ ಉಂಟು ಅಂತಾರೆ." ರೊಸಾಲಿನ್ ಹೂಂಗುಟ್ಟುತ್ತ, ಮುಖವನ್ನು ಸ್ವಲ್ಪ ಹಿಂಡಿಕೊಳ್ಳುತ್ತ ಕುಳಿತಳು. ಹಾಗೆ ಕುಳಿತಿರುವಾಗ ಬಲಗಡೆಯ ದವಡೆಹಲ್ಲೊಂದು ನಿಜವಾಗಿಯೇ ಮಿಡಿಯತೊಡಗಿತು. ಅವಳಿಗೆ ಭಯವಾಯಿತು. ಸುಳ್ಳು ಹೇಳಿದರೆ ಹಲ್ಲು ಕೂಡ ನಂಬುತ್ತದೆ. ಹಾಗಾದರೆ ತನ್ನೊಳಗೆ ಇನ್ನು ಏನೇನು ಹೀಗೆ ಯಾರೋ ಹೇಳಿದ್ದನ್ನು ನಂಬಿ ನೋಯುತ್ತಿರಬಹುದು? ಹಬೀಬಾಳನ್ನು ಒಳಗೆ ಕರೆದ ಕೂಡಲೆ ಅವಳು ಎದ್ದು, ಚಪ್ಪಲಿಯ ಸದ್ದಾಗದಂತೆ, ಕದ್ದವಳ ಹಾಗೆ ಮೆಟ್ಟಿಲು ಹತ್ತಿದಳು.

ಮೇಲಿನ ಕೋಣೆಯಲ್ಲಿ ಕಾಯುವವರು ಯಾರೂ ಇರಲಿಲ್ಲ. ಡಾಕ್ಟರು ಒಳಗೆ ಯಾರೊಂದಿಗೋ ತುಳುವಿನಲ್ಲಿ ಮಾತಾಡುತ್ತಿದ್ದರು. ಕಿಟಕಿಯಿಂದ ದೂರದ ಕುರ್ಚಿಯನ್ನೇ ಆರಿಸಿ ಕುಳಿತ ರೊಸಾಲಿನ್ ತುಟಿಯೊಳಗೇ ಬಾಯಿಪಾಠ ಮಾಡಿಕೊಂಡಳು: ನನಗೆ ಆಗ ಕಾಯಿಲೆ ಇತ್ತು. ಆವತ್ತು ನಾನು ಹೇಳಿದ್ದೆಲ್ಲ ಸುಳ್ಳು. ಈಗ ಮದ್ದಿನಿಂದ ಗುಣವಾಗಿದೆ. ಬೆಳಿಗ್ಗೆ ತಾಯಿ ತೆರೆಸಾ ಹಬೆಯಲ್ಲಿ ಬೇಯಿಸುವ ಸನ್ನಣದ ಹಿಟ್ಟು ತಿರುವುತ್ತ, ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಡುವ ಹಾಗೆ ಈ ಮೂರು ಮಾತು ಹೇಳಿಕೊಟ್ಟಿದ್ದಳು. ಮನೆಯಲ್ಲಿ ಹಿರಿಯ ಮಗಳನ್ನು ಕರೆಯುತ್ತಿದ್ದದ್ದು ಬಾಯ್ ಎಂದು. "ಇಷ್ಟೇ ಬಾಯ್. ಹೆಚ್ಚು ಹೇಳ್ಬೇಡ. ಗ್ಲ್ಯಾಡಿಸಳ ತಾಯಿಗೆ ಧೈರ್ಯ ಬಂದ್ರೆ ಸಾಕು." ಗ್ಲ್ಯಾಡಿಸ್ ತಮ್ಮ ಪೌಲನ ಹೆಂಡತಿ, ತುಂಬು ಬಸುರಿ. ಮೊದಲ ಹೆರಿಗೆಗೆ ತವರಿನವರು ಆ ಸಂಜೆಯೇ ಕರೆದುಕೊಂಡು ಹೋಗಲು ಬರುವವರಿದ್ದರು. ಕರೆದುಕೊಂಡು ಹೋಗುವುದು ದೊಡ್ಡದಲ್ಲ. ಮರಳಿ ಕಳಿಸುವುದರ ಬಗ್ಗೆ ಆ ತಾಯಿ ಪಾದ್ರಿಗಳ ಹತ್ತಿರ ಏನೋ ಅಂದಿದ್ದಳಂತೆ. ಎಳೆಮಗುವನ್ನು ಹಿಡಿದುಕೊಂಡು ತಲೆ ಸರಿಯಿಲ್ಲದ ನಾದಿನಿಯ ಜೊತೆ ಒಂದೇ ಮಾಡಿನ ಕೆಳಗೆ ನನ್ನ ಮಗಳು ಹೇಗೆ ಇರುವುದು ಎಂದು. ಬೇಕಾದರೆ ರೊಸಾಲಿನ್ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಇರಲಿ ಎಂದು. ಈ ಮಾತನ್ನು ತಂದು ಮುಟ್ಟಿಸಿದವನು ಇಗರ್ಜಿಯ ಪರವಾಗಿ ವಾಡೆಯ ಮನೆಗಳನ್ನು ನೋಡಿಕೊಳ್ಳುವ ಗುರ್ಕಾರ ಬಾಸಿಲ್. ಅವನು ಜಗಲಿಯಲ್ಲಿ ನಿಂತು ಹೇಳುವಾಗ ರೊಸಾಲಿನ್ ಒಳಗೆ ಅವನಿಗೇ ಕಾಫಿ ಸೋಸುತ್ತಿದ್ದಳು. ಲೋಟ ತಂದುಕೊಟ್ಟಾಗ ಅವನು ಎರಡೂ ಕೈಯಲ್ಲಿ, ಬಿಸಿ ಕಾಫಿ ಮೈಮೇಲೆ ಬೀಳುವುದೇನೋ ಎಂಬಂತೆ, ತುಸು ಹಿಂದೆ ವಾಲಿ ತೆಗೆದುಕೊಂಡಿದ್ದ.

ಅವನದು ತಪ್ಪೆನ್ನುವುದು ಹೇಗೆ? ಅವನೂ ಅಲ್ಲೇ ಇದ್ದ, ಜನವರಿಯ ಆ ಸಂಜೆ, ಮದುವೆಯ ಹಿಂದಿನ ದಿನ, ಪೌಲನಿಗೆ ಎಣ್ಣೆ-ಹಾಲು ಹೊಯ್ಯುವ ರೋಸಿನಲ್ಲಿ. ಚಪ್ಪರದ ಕೆಳಗೆ ಮಣೆಯ ಮೇಲೆ ಪೌಲ್ ಬರಿಮೈಯಲ್ಲಿ ಕೂತಿದ್ದ. ಹೆಂಗಸರು ವೋವಿಯೊ ಎಂಬ ಮದುವೆಯ ಹಾಡು ಹಾಡುತ್ತಿದ್ದರು. ಹಿರಿಯರು ಒಬ್ಬೊಬ್ಬರೇ ಬಂದು ತಲೆಗೆ ಎಣ್ಣೆ ಸವರಿ ತೆಂಗಿನ ಹಾಲು ಹೊಯ್ಯುತ್ತಿದ್ದರು. ಹಾಲಿನ ಹಿತ್ತಾಳೆ ಚೆಂಬು ಹಿಡಿದುಕೊಂಡು ಅಕ್ಕ ರೊಸಾಲಿನ್ ಪಕ್ಕದಲ್ಲಿ ನಿಂತಿದ್ದಳು. ಯಾರೋ ದೂರದ ಸಂಬಂಧದ ಮುದುಕಿ ಹಾಲು ಹೊಯ್ದು ಕೈ ಒರೆಸಿಕೊಳ್ಳುತ್ತ, "ಇವಳದ್ದು ಯಾವಾಗ?" ಎಂದು ಕೇಳಿತು. ತಾಯಿ ನಕ್ಕಳು. "ಇವಳ ಸ್ವಭಾವಕ್ಕೆ ಯಾರು ಬರ್ತಾರೆ?" ಎಂದಳು. ಎಲ್ಲರೂ ನಕ್ಕರು, ಕೆಟ್ಟ ಮನಸ್ಸಿನಿಂದಲ್ಲ, ಮದುವೆಮನೆಯಲ್ಲಿ ನಗುವ ಹಾಗೆ. ಆಮೇಲೆ ನಡೆದದ್ದನ್ನು ರೊಸಾಲಿನ್ ಈಗಲೂ ಬೇರೆಯವರ ಬಾಯಿಂದ ಕೇಳಿದವಳಂತೆ ನೆನೆಯುತ್ತಾಳೆ. ಚೆಂಬು ಅವಳ ಕೈಯಿಂದ ಹಾರಿತು. ತಾಯಿಯತ್ತ ಹಾರಿದ್ದು ತಮ್ಮನ ಹುಬ್ಬಿಗೆ ಬಡಿಯಿತು. ಹಾಲಿಗೆ ರಕ್ತ ಸೇರಿ ಗುಲಾಬಿ ಬಣ್ಣವಾಗಿ ಅವನ ಮೂಗಿನ ಮೇಲಿಂದ ಇಳಿಯಿತು. ಹಾಡು ನಿಂತ ಆ ನಿಶ್ಶಬ್ದದಲ್ಲಿ ಒಂದು ಹೆಣ್ಣು ಕಿರುಚುತ್ತಿತ್ತು: ಕುಲಶೇಖರದವರಿಗೆ ನನಗೆ ಮೂರ್ಛೆರೋಗ ಉಂಟು ಅಂತ ಹೇಳಿ ಕಳಿಸಿದ್ದು ನೀನೇ, ನನ್ನ ಬಾಳು ಹಾಳು ಮಾಡಿದ್ದು ನೀನೇ. ಮರುದಿನ ಇಗರ್ಜಿಯಲ್ಲಿ ಹುಬ್ಬಿಗೆ ಪಟ್ಟಿ ಹಚ್ಚಿಕೊಂಡೇ ಪೌಲ್ ಉಂಗುರ ತೊಡಿಸಿದ. ಮದುವೆಯ ಫೋಟೋದಲ್ಲಿ ಅವನ ಪಟ್ಟಿ ಕಾಣುತ್ತದೆ, ರೊಸಾಲಿನ್ ಕಾಣುವುದಿಲ್ಲ. ಅವಳನ್ನು ಒಳಗಿನ ಕೋಣೆಯಲ್ಲಿ ಮಲಗಿಸಿ ಹೊರಗಿನಿಂದ ಚಿಲಕ ಹಾಕಿದ್ದರು.

ಅವಳು ಕಿರುಚಿದ ಮಾತು ಎಲ್ಲಿಂದಲೋ ಹಾರಿ ಬಂದದ್ದಲ್ಲ. ಕುಲಶೇಖರ ಎಂಬಲ್ಲಿಯ ಒಸ್ವಾಲ್ಡನ ಮದುವೆ ಸಂಬಂಧ ಬಂದು ಹೋಗಿ ವರ್ಷಗಳಾಗಿದ್ದವು. ಅವನು ಎರಡು ಸಲ ಮನೆಗೆ ಬಂದಿದ್ದ. ಎರಡನೆಯ ಸಲ ಅವಳು ಹೊಲಿದ ಮೇಜಿನ ಬಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತ ಕೂತಿದ್ದ. ಮತ್ತೆ ಬರಲಿಲ್ಲ. ಬೊಂಬಾಯಿಗೆ ಹೋಗಿ ಅಲ್ಲಿ ಯಾರನ್ನೋ ಮದುವೆಯಾದನೆಂದು ಸುದ್ದಿ ಬಂತು. ತನ್ನ ಬಣ್ಣ, ತನ್ನ ದೊಡ್ಡ ದನಿ, ಅಂದು ಮಾಡಿದ ಹಂದಿಮಾಂಸಕ್ಕೆ ಹೆಚ್ಚಾಗಿದ್ದ ಉಪ್ಪು, ಹೀಗೆ ತನ್ನಲ್ಲಿಯೇ ಕಾರಣಗಳನ್ನು ಹುಡುಕಿಕೊಂಡು ಅವಳು ಆ ವರ್ಷಗಳನ್ನು ಕಳೆದಿದ್ದಳು. ಪೌಲನ ಮದುವೆಗೆ ಸ್ವಲ್ಪ ಮೊದಲು ಒಸ್ವಾಲ್ಡನ ತಂಗಿ ಬೆನಿಟಾ ಅವಳ ಶಾಲೆಗೇ ಟೀಚರಾಗಿ ಬಂದಳು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚುತ್ತ ಬಹಳ ಕಾಳಜಿಯಿಂದ, "ನಿಮಗೆ ಈಗ ಆ ಮೂರ್ಛೆ ಬರುವುದಿಲ್ಲ ಅಲ್ವಾ?" ಎಂದು ಕೇಳಿದಳು. "ನಿಮ್ಮ ಮನೆಯಿಂದಲೇ ಹೇಳಿ ಕಳಿಸಿದ್ರಲ್ಲ. ಮುಚ್ಚಿಡದೆ ಹೇಳಿದ್ದಕ್ಕೆ ನಮ್ಮ ಡ್ಯಾಡಿಗೆ ನಿಮ್ಮ ಅಮ್ಮನ ಮೇಲೆ ತುಂಬ ಗೌರವ." ರೊಸಾಲಿನ್ ಆ ದಿನ ಮೀನಿನ ಸಾರನ್ನು ಪೂರ್ತಿ ಉಂಡಳು. ಸಂಜೆಯ ಲೆಕ್ಕದ ಪಾಠವನ್ನೂ ಮಾಡಿದಳು.

"ಬನ್ನಿ, ಬನ್ನಿ," ಎಂದು ಡಾಕ್ಟರ್ ಶೀನಪ್ಪ ಬಾಗಿಲಲ್ಲಿ ನಿಂತು ಕರೆದರು. ಬೆಂಗಳೂರಿನಲ್ಲಿ ಕಲಿತು ಬಂದವರು. ಕುಳ್ಳ, ಕೋಟಿನ ಎದೆಯ ಮೇಲೆ ಸದಾ ನಶ್ಯದ ಪುಡಿ. ನಿದ್ದೆ ಬರ್ತದಾ, ಊಟ ಸೇರ್ತದಾ ಎಂದು ಕೇಳಿದರು. ಬರ್ತದೆ, ಸೇರ್ತದೆ ಎಂದಳು. ಬಾಯಿ ಒಣಗುವುದು? ಉಂಟು. ಕೋಪ? ಇಲ್ಲ. ಅಳು? ಇಲ್ಲ. "ಒಳ್ಳೆದಾಯ್ತಲ್ಲ," ಎಂದು ಅವರು ಪೆನ್ನಿನ ಮುಚ್ಚಳ ತೆಗೆದರು. ಒಳ್ಳೆಯದೇ ಆಗಿತ್ತು. ಮಾತ್ರೆ ಹಿಡಿದ ಮೇಲೆ ಮನೆಯಲ್ಲಿ ತಟ್ಟೆ ಬಿದ್ದ ಸದ್ದು ಕೇಳಿಲ್ಲ. ಶಾಲೆಯಲ್ಲಿ ಬೆತ್ತ ಮೂಲೆಯಲ್ಲೇ ನಿಂತಿದೆ. ಜೂನ್‌ನಲ್ಲಿ ಶಾಲೆ ತೆರೆದ ದಿನ ಆಗಷ್ಟೇ ತೀರಿಕೊಂಡಿದ್ದ ನೆಹರೂಗಾಗಿ ಮಾಡಿದ ಸಭೆಯಲ್ಲಿ ಸಿಸ್ಟರುಗಳು ಕೂಡ ಕಣ್ಣೊರೆಸಿಕೊಂಡಾಗ ಅವಳು ಧ್ವಜದ ಹಗ್ಗದ ಗಂಟನ್ನು ನೋಡುತ್ತ ನಿಂತಿದ್ದಳು. ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಮೀನು ತರುವ ಮುದ್ದು, ಬುಟ್ಟಿ ಇಳಿಸಿ ಹೊತ್ತಾದರೂ ಬೈಗುಳ ಬಾರದ್ದನ್ನು ಕಂಡು, "ಎಂತ ಬಾಯಿ, ಜಗಳವೇ ಇಲ್ಲ ಈಗ? ನನ್ನ ಮೇಲೆ ಸಿಟ್ಟಾ?" ಎಂದು ಬೇಸರಪಟ್ಟುಕೊಂಡಿದ್ದಳು. ಆ ದಿನದ ಬಂಗುಡೆ ಕಿವಿರು ಕಪ್ಪಾದ ಹಳೆಯ ಮೀನೆಂದು ರೊಸಾಲಿನ್‌ಗೆ ಗೊತ್ತಾಗಿತ್ತು. ಗೊತ್ತಾಗಿಯೂ ತೆಗೆದುಕೊಂಡಿದ್ದಳು.

"ಡಾಕ್ಟ್ರೇ," ಎಂದಳು. "ಮೊದಲ ಸಲ ಬಂದಾಗ ನೀವು ಒಂದು ಮಾತು ಹೇಳಿದ್ರಿ."

"ಎಂತ ಹೇಳಿದೆ?"

"ಅಂದು ಚೆಂಬು ಎಸೆದದ್ದು ನೀವಲ್ಲ, ಮಾತಾಡಿದ್ದು ನೀವಲ್ಲ, ಕಾಯಿಲೆ ಅಂತ."

ಅವರಿಗೆ ನೆನಪಿರಲಿಲ್ಲ. ಎಷ್ಟೋ ಜನರಿಗೆ ಹೇಳುವ ಮಾತಿರಬೇಕು. ಅವಳಿಗೆ ಮಾತ್ರ ಆ ಮಾತು ಮುಳುಗುವವಳ ಕೈಗೆ ಸಿಕ್ಕ ಹಗ್ಗವಾಗಿತ್ತು. ಮಹಡಿ ಇಳಿದು, ಅದನ್ನು ಜೋಪಾನವಾಗಿ ಮನೆಗೆ ತಂದು, ತಾಯಿಯ ಮುಂದೆ ಇಟ್ಟಿದ್ದಳು. ತಾಯಿ ಅತ್ತು ಅವಳ ಹಣೆಗೆ ಶಿಲುಬೆಯ ಗುರುತು ಮಾಡಿದ್ದಳು. ಅಂದಿನಿಂದ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡತೊಡಗಿದರು. ಮೆಲ್ಲಗೆ ಮಾತಾಡುವವರ ನಡುವೆ ರೋಸಿನ ಸಂಜೆ ತಾನು ತಾಯಿಯನ್ನು ಕೇಳಿದ ಕುಲಶೇಖರದ ಪ್ರಶ್ನೆ ಎಲ್ಲಿಗೋ ಹೋಯಿತು. ಕೇಳಿದವಳೇ ಇಲ್ಲದ ಮೇಲೆ ಉತ್ತರ ಕೊಡಬೇಕಾದವರು ಯಾರು?

"ಈಗ ಎಂತ ಆಯ್ತು?" ಎಂದರು ಡಾಕ್ಟರು.

ಅವಳು ಸಂಜೆಯ ವಿಷಯ ಹೇಳಿದಳು. ಮೂರು ಮಾತನ್ನೂ ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದಳು. "ಚೆಂಬು ಎಸೆದದ್ದಕ್ಕೆ ನನಗೆ ನಾಚಿಕೆ ಉಂಟು. ಪೌಲನ ಹುಬ್ಬು ನೋಡ್ಲಿಕ್ಕೆ ಆಗುವುದಿಲ್ಲ. ಅವನು ಎದುರು ಬಂದ್ರೆ ಅವನ ಕುತ್ತಿಗೆ ನೋಡಿ ಮಾತಾಡ್ತೇನೆ. ಆದ್ರೆ ಹೇಳಿದ್ದು ಸುಳ್ಳಲ್ಲ ಡಾಕ್ಟ್ರೇ. ಅದು ಕಾಯಿಲೆ ಅಂತಾದ್ರೆ ನನ್ನದು ಅಂತ ಎಂತ ಉಳೀತು? ಮಾತ್ರೆ ನುಂಗುವವಳು ಒಬ್ಬಳು ಉಳಿದಳು, ಅಷ್ಟೆ."

ಡಾಕ್ಟರು ನಶ್ಯದ ಡಬ್ಬಿ ತೆಗೆದು, ತೆರೆಯದೆ, ಮೇಜಿನ ಮೇಲಿಟ್ಟರು. ಅವರ ಮುಖ ಕೆಂಪಾದಂತೆ ಕಂಡಿತು. "ಸಮಾಧಾನಕ್ಕೆ ಅಂತ ಹೇಳಿದ್ದು," ಎಂದರು. ಡಬ್ಬಿಯನ್ನು ಬೆರಳಿನಿಂದ ದೂರ ಸರಿಸಿ, "ಹಾಗೆ ಹೇಳಬಾರದಿತ್ತು. ಚೆಂಬಿನದ್ದೂ ಮಾತಿನದ್ದೂ ಒಂದೇ ಗಂಟು ಕಟ್ಟಿ ಕೊಟ್ಟುಬಿಟ್ಟೆ ನಾನು" ಎಂದರು. ಮಾತ್ರೆಯನ್ನು ಕಡಿಮೆ ಮಾಡುತ್ತೇನೆ, ಒಮ್ಮೆಗೇ ಬಿಡಬಾರದು ಎಂದರು. ಕಡಿಮೆಯಾದಾಗ ಕೋಪ ಬಂದೇ ಬರುತ್ತದೆ. "ಬಂದಾಗ ಅದನ್ನು ದೂಡ್ಲಿಕ್ಕೂ ಹೋಗ್ಬೇಡಿ, ಅದರ ಹಿಂದೆ ಓಡ್ಲಿಕ್ಕೂ ಹೋಗ್ಬೇಡಿ. ಕೂತುಕೊಳ್ಳಿ. ಪಾದ ನೆಲಕ್ಕೆ ಒತ್ತಿ. ಬಂತು, ಎಲ್ಲಿ ಬಂತು, ಎದೆಯಲ್ಲಾ, ಕೈಯಲ್ಲಾ, ನೋಡಿ. ಕೈಯಲ್ಲಿದ್ದರೆ ಕೈಯನ್ನು ಮಡಿಲಲ್ಲಿಡಿ. ಬಾಯಿಗೆ ಆಮೇಲೆ ಕೆಲಸ ಕೊಡಿ."

"ಸಂಜೆ ನಾನು ಎಂತ ಹೇಳಬೇಕು?"

"ಅದನ್ನು ನಾನು ಹೇಳಿಕೊಟ್ರೆ ನಿಮ್ಮ ತಾಯಿಗೂ ನನಗೂ ಎಂತ ವ್ಯತ್ಯಾಸ?" ಎಂದರು ಡಾಕ್ಟರು. ತಾನೇ ಹೇಳಿದ್ದು ಸರಿಯೋ ಎಂದು ಸಂಶಯವಾದವರಂತೆ ಬಾಗಿಲವರೆಗೂ ಬಂದು ನಿಂತರು.

ವೆಲೆನ್ಸಿಯಾದ ಮನೆಗೆ ನಡೆದು ಬರುವಷ್ಟರಲ್ಲಿ ಬಾಡಿಗೆ ಕಾರು ಅಂಗಳದ ಹೊರಗೆ ನಿಂತಿತ್ತು. ಒಳಗೆ ಗ್ಲ್ಯಾಡಿಸಳ ತಾಯಿ ಒಳ್ಳೆಯ ಕುರ್ಚಿಯಲ್ಲಿ, ಗುರ್ಕಾರ ಬಾಸಿಲ್ ಕಿಟಕಿಯ ಬಳಿ, ಪೌಲ್ ಗೋಡೆಗೆ ಒರಗಿ ನಿಂತು. ಗ್ಲ್ಯಾಡಿಸ್ ಹೂ ಮುಡಿದು, ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡು ಬೆಂಚಿನಲ್ಲಿ ಕೂತಿದ್ದಳು. ರೊಸಾಲಿನ್ ಹೊಸ್ತಿಲು ದಾಟಿದ ಕೂಡಲೆ ಎಲ್ಲರೂ ಮೊದಲು ಅವಳ ಕೈಗಳನ್ನು ನೋಡಿದರು. ಕೈಯಲ್ಲಿ ಕರ್ಚೀಫು ಮಾತ್ರ ಇತ್ತು. ಕ್ಲಾಸಿನಲ್ಲಿ ಕದ್ದು ಸಿಕ್ಕಿಬಿದ್ದ ಮಗು ಅಂಗೈ ತೋರಿಸುವ ಹಾಗೆ ಅವಳ ಬೆರಳುಗಳು ತಾವಾಗಿ ಬಿಡಿಸಿಕೊಂಡವು. ಅದನ್ನು ತಾನೇ ಕಂಡು ಅವಳ ಕಿವಿ ಬಿಸಿಯಾಯಿತು.

"ಕೂತ್ಕೋ ಬಾಯ್," ಎಂದಳು ತಾಯಿ, ಬಹಳ ಮೆಲ್ಲಗೆ. ಸನ್ನಣದ ತಟ್ಟೆ ಒಮ್ಮೆ ಸುತ್ತಿ ಬಂತು. ಹವೆಯ ಮಾತು, ಆಸ್ಪತ್ರೆಯ ಮಾತು ಮುಗಿಯಿತು. ಆಮೇಲೆ ಗ್ಲ್ಯಾಡಿಸಳ ತಾಯಿ ಸೆರಗು ಸರಿಪಡಿಸಿಕೊಂಡು, "ನಮಗೆ ಯಾರ ಮೇಲೂ ದ್ವೇಷ ಇಲ್ಲ. ಆದ್ರೆ ಒಂದು ಮಾತು ಕೇಳಿ ಹೋದ್ರೆ ಮನಸ್ಸಿಗೆ ಸಮಾಧಾನ" ಎಂದಳು. ಗುರ್ಕಾರ ಗಂಟಲು ಸರಿಮಾಡಿಕೊಂಡ. ತಾಯಿ ರೊಸಾಲಿನ್‌ಳನ್ನು ನೋಡಿದಳು. ಆ ನೋಟದಲ್ಲಿ ಬೇಡಿಕೆಯಿತ್ತು, ಹೆದರಿಕೆಯೂ ಇತ್ತು.

ರೊಸಾಲಿನ್ ಎದ್ದು ಪೌಲನ ಎದುರು ನಿಂತಳು. ಅವನ ಕುತ್ತಿಗೆಯಿಂದ ಕಣ್ಣನ್ನು ಬಲವಂತವಾಗಿ ಮೇಲಕ್ಕೆತ್ತಿದಳು. ಹುಬ್ಬಿನ ನಡುವೆ ಕೂದಲು ಬಾರದ ಒಂದು ಗೆರೆ. ತಾನು ನೆನೆದುಕೊಂಡದ್ದಕ್ಕಿಂತ ಚಿಕ್ಕದು, ಚಿಕ್ಕದಾದದ್ದರಿಂದಲೇ ತಡೆಯಲಾರದ್ದು. "ಪೌಲ್, ಆ ದಿನ ಚೆಂಬು ಎಸೆದೆ. ನಿನ್ನ ಮದುವೆಯ ಸಂಭ್ರಮವನ್ನು ಹಾಳು ಮಾಡಿದೆ. ನನಗೆ ತಪ್ಪಾಯ್ತು," ಎಂದಳು. ಗ್ಲ್ಯಾಡಿಸಳ ಕಡೆ ತಿರುಗಿ, "ನಿನ್ನದೂ ಹಾಳು ಮಾಡಿದೆ" ಎಂದಳು. ಗ್ಲ್ಯಾಡಿಸ್ ತಲೆಯಲ್ಲಾಡಿಸಿ ಏನೋ ಹೇಳಹೋದಳು. ಅವಳ ತಾಯಿ ತೊಡೆಯ ಮೇಲೆ ಕೈಯಿಟ್ಟು ತಡೆದಳು.

"ಇನ್ನೂ ಉಂಟಲ್ಲ," ಎಂದಳು ತೆರೆಸಾ. "ಹೇಳು ಬಾಯ್. ಆಗ ಕಾಯಿಲೆ ಇತ್ತು..." ಮಗುವಿಗೆ ಮೊದಲ ಪದ ಎತ್ತಿಕೊಡುವ ದನಿ.

ಆಗ ಅದು ಬಂತು. ತಿಂಗಳುಗಳಿಂದ ಬಾರದಿದ್ದದ್ದು. ರೊಸಾಲಿನ್‌ಗೆ ಮೊದಲು ಆದದ್ದು ಗಾಬರಿಯಲ್ಲ, ಪರಿಚಯದವರನ್ನು ದಾರಿಯಲ್ಲಿ ಕಂಡಾಗ ಆಗುವಂಥ ಒಂದು ಅಚ್ಚರಿ. ಹೊಟ್ಟೆಯಿಂದ ಎದೆಗೆ, ಎದೆಯಿಂದ ತೋಳಿಗೆ. ಮೇಜಿನ ಮೇಲೆ ಲೋಟಗಳಿದ್ದವು. ಅವು ಎಷ್ಟು ಹತ್ತಿರ ಇವೆಯೆಂದು ಕೈಗೆ ಗೊತ್ತಿತ್ತು. ಅವಳು ಕುಳಿತಳು. ಚಪ್ಪಲಿ ಬಿಟ್ಟ ಪಾದಗಳನ್ನು ಕೆಂಪು ಸಿಮೆಂಟಿನ ನೆಲಕ್ಕೆ ಒತ್ತಿದಳು. ನೆಲ ತಣ್ಣಗಿತ್ತು. ಕೈಗಳನ್ನು ಮಡಿಲಿಗೆ ತಂದು ಒಂದರ ಮೇಲೊಂದು ಇಟ್ಟಳು. ಎಲ್ಲರೂ ಕಾಯುತ್ತಿದ್ದರು. ಹೊರಗೆ ಕಾರಿನ ಡ್ರೈವರು ಬಾಗಿಲು ಹಾಕಿದ ಸದ್ದಾಯಿತು. ಕೋಪ ಹೋಗಲಿಲ್ಲ. ಪಕ್ಕದಲ್ಲಿ ಕೂತಿತು.

"ಕಾಯಿಲೆ ಇತ್ತು. ಈಗಲೂ ಸ್ವಲ್ಪ ಉಂಟು, ಮದ್ದು ತೆಗೊಳ್ತೇನೆ," ಎಂದಳು. ದನಿ ತನಗೇ ಕೇಳಿಸದಷ್ಟು ಸಣ್ಣದಾಗಿ ಬಂತು. "ಆದ್ರೆ ಅಂದು ಮಾತಾಡಿದ್ದು ನಾನೇ. ಕಿರುಚಬಾರದಿತ್ತು." ತಾಯಿಯ ಕಡೆಗೆ ತಿರುಗಿದಳು. "ಮಾಂಯ್ ಕುಲಶೇಖರದವರಿಗೆ ಹಾಗೆ ಹೇಳಿ ಕಳಿಸಿದ್ದು ಮಾತ್ರ ಸುಳ್ಳಲ್ಲ."

"ಕಂಡ್ರಾ," ಎಂದಳು ತಾಯಿ ಗುರ್ಕಾರನ ಕಡೆ ತಿರುಗಿ. "ಮತ್ತೆ ಸುರುವಾಯ್ತು. ಮದ್ದು ಸಾಲುವುದಿಲ್ಲ ಇವಳಿಗೆ."

ಗುರ್ಕಾರ ಕಿಟಕಿಯ ಹೊರಗೆ ನೋಡಿದ. ಗ್ಲ್ಯಾಡಿಸಳ ತಾಯಿ ಕುರ್ಚಿಯ ಅಂಚಿಗೆ ಬಂದಿದ್ದಳು. ರೊಸಾಲಿನ್‌ಗೆ ಅನಿಸಿತು: ಇಷ್ಟೇ, ಮುಗಿಯಿತು, ಮೆಲ್ಲಗೆ ಹೇಳಿದರೂ ಇದು ಕಾಯಿಲೆಯೇ, ಇನ್ನು ತಾನು ಏನು ಹೇಳಿದರೂ ಕಾಯಿಲೆಯೇ. ಇವರ ಮುಂದೆ ತಾಯಿಯ ಮಾನ ತೆಗೆದದ್ದಷ್ಟೇ ಬಂತು. ಗಂಜಿ ಹಾಕಿ ಇಸ್ತ್ರಿ ಮಾಡಿದ ತಾಯಿಯ ಹಳೆಯ ಸೀರೆಯನ್ನು ನೋಡಿ ಅವಳಿಗೆ ಭೂಮಿಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಆದರೂ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಸುಳ್ಳಲ್ಲ," ಎಂದ ಪೌಲ್.

ಗೋಡೆಯಿಂದ ಅವನು ಕದಲಿರಲಿಲ್ಲ. "ಹೇಳ್ಲಿಕ್ಕೆ ಹೋದದ್ದು ನಾನು. ಸೈಕಲಿನಲ್ಲಿ ಕುಲಶೇಖರಕ್ಕೆ ಹೋಗಿ, ಒಸ್ವಾಲ್ಡನ ಅಪ್ಪನ ಹತ್ರ ಹೇಳಿ ಬಂದೆ. ಅದು ಅಪ್ಪ ಕೊನೆಗಾಲದಲ್ಲಿ ಹಾಸಿಗೆ ಹಿಡಿದಿದ್ದ ವರ್ಷ. ಬಾಯ್ ಮದುವೆಯಾಗಿ ಹೋದ್ರೆ ಅವಳ ಸಂಬಳ ಇಲ್ಲದೆ ಮನೆ ಹೇಗೆ ನಡೆಯುವುದು ಅಂತ ಮಾಂಯ್ ಅತ್ತರು. ನಾನು ಹೋದೆ." ಅವನು ತನ್ನ ಹುಬ್ಬನ್ನು ಮುಟ್ಟಿಕೊಂಡ. "ಚೆಂಬು ಬಡಿದಾಗ ನನಗೆ ಗೊತ್ತಿತ್ತು, ಯಾಕೆ ಅಂತ. ಎಲ್ಲರೂ ಇವಳಿಗೆ ಹುಚ್ಚು ಅಂದಾಗ ನಾನೂ ಹೌದು ಅಂದೆ."

ಗ್ಲ್ಯಾಡಿಸ್ ಗಂಡನನ್ನು ಹೊಸಬನನ್ನು ನೋಡುವಂತೆ ನೋಡುತ್ತಿದ್ದಳು. ಚೆಂಬು ತಾಯಿಯ ಕಡೆ ಹೋಗುತ್ತಿತ್ತು, ಗುರಿ ತಪ್ಪಿತ್ತು ಎಂದು ಇಷ್ಟು ಕಾಲ ನಂಬಿದ್ದ ರೊಸಾಲಿನ್ ತಮ್ಮನ ಬಗ್ಗಿದ ತಲೆಯನ್ನು ಕಂಡಳು. ಗೆದ್ದೆನೆಂದು ಅನಿಸಲಿಲ್ಲ. ಸೈಕಲ್ ತುಳಿಯುತ್ತ ಏರು ಹತ್ತುವ, ಇನ್ನೂ ಮೀಸೆ ಸರಿಯಾಗಿ ಬಾರದ ಪೌಲ್ ಕಣ್ಣೆದುರು ಬಂದ. ಮರಳಿ ಬಂದು ಅವನು ಅವಳ ಕೈಯಿಂದಲೇ ನೀರು ಇಸಿದುಕೊಂಡು ಕುಡಿದಿರಬೇಕು.

ಕೊನೆಗೆ ಗ್ಲ್ಯಾಡಿಸಳ ತಾಯಿ ಎದ್ದಳು. "ಹೊತ್ತಾಯ್ತು, ಹೊರಡುವ" ಎಂದಳು. ಮರಳಿ ಕಳಿಸುವ ಮಾತನ್ನು ಅವಳು ಎತ್ತಲಿಲ್ಲ, ಬೋರ್ಡಿಂಗಿನ ಮಾತನ್ನೂ ಎತ್ತಲಿಲ್ಲ. ಗ್ಲ್ಯಾಡಿಸ್ ಬಾಗಿಲಲ್ಲಿ ನಿಂತು ರೊಸಾಲಿನ್‌ಳ ಮೊಣಕೈಯನ್ನು ಹಿಡಿದಳು. ಪೌಲ್ ಅವರನ್ನು ಬಿಟ್ಟು ಬರಲು ಡ್ರೈವರನ ಪಕ್ಕದಲ್ಲಿ ಕೂತ. ಕಾರು ಹೋದ ಮೇಲೆ ಗುರ್ಕಾರ ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತ ಅಂಗಳದಲ್ಲಿ ಸ್ವಲ್ಪ ನಿಂತು, ಯಾರಿಗೆ ಎಂದಿಲ್ಲದೆ ಹೋಗಿ ಬರ್ತೇನೆ ಎಂದು ಹೊರಟ.

ತಾಯಿ ಅಡಿಗೆಮನೆಯಲ್ಲಿ ಉಳಿದ ಸನ್ನಣಗಳನ್ನು ಬಟ್ಟೆಯಿಂದ ಮುಚ್ಚುತ್ತಿದ್ದಳು. ಬೆನ್ನು ತಿರುಗಿಸಿಯೇ, "ಚಿಕ್ಕಂದಿನಿಂದಲೂ ನಿನಗೆ ಸಿಟ್ಟು ಜೋರು ಬರ್ತಿತ್ತು. ನಾನು ಪೂರಾ ಸುಳ್ಳು ಹೇಳ್ಲಿಲ್ಲ" ಎಂದಳು.

"ಬರ್ತಿತ್ತು," ಎಂದಳು ರೊಸಾಲಿನ್. "ಈಗಲೂ ಬರ್ತದೆ."

"ನಾನು ಎಂತ ಮಾಡಬೇಕಿತ್ತು? ನೀನೇ ಹೇಳು."

ರೊಸಾಲಿನ್ ಮೇಜಿನ ಮೇಲಿನ ಲೋಟಗಳನ್ನು ಒಂದೊಂದಾಗಿ ತಂದು ತೊಳೆಯಲು ಇಟ್ಟಳು.

ಇಗರ್ಜಿಯ ಸಂಜೆಯ ಗಂಟೆ ಬಡಿದಾಗ ಇಬ್ಬರೂ ಮನೆಯೊಳಗಿನ ದೇವರ ಪೀಠದ, ಅಲ್ತಾರಿನ ಮುಂದೆ ಮೊಣಕಾಲೂರಿದರು. ತೇರ್ಸದ ಜಪಮಾಲೆಯ ಮೊದಲ ಹತ್ತು ಮಣಿಗಳನ್ನು ತಾಯಿಯೇ ಹೇಳಿದಳು. ಎರಡನೆಯ ಹತ್ತು ಹಿರಿಯ ಮಗಳ ಪಾಲು; ರೋಸಿನ ಆ ದಿನದಿಂದ ಅವಳನ್ನು ಬಳಲಿಸಬಾರದೆಂದು ಅದನ್ನೂ ಪೌಲನೇ ಹೇಳುತ್ತಿದ್ದ. ಪೌಲ್ ಇರಲಿಲ್ಲ. ತಾಯಿಯ ಬೆರಳು ಮಣಿಯ ಮೇಲೆ ನಿಂತಿತು. ಅವಳು ಮುಂದುವರಿಸಲೂ ಇಲ್ಲ, ಹೇಳೆಂದು ಸನ್ನೆ ಮಾಡಲೂ ಇಲ್ಲ. ಮೇಣದ ಬತ್ತಿ ಉರಿಯುತ್ತಿತ್ತು. ರೊಸಾಲಿನ್‌ಳ ಎದೆಯೊಳಗೆ ಅದು ಇನ್ನೂ ಕೂತೇ ಇತ್ತು. ಈ ಹೆಂಗಸನ್ನು ತಾನು ಕ್ಷಮಿಸಿಲ್ಲವೆಂದು ಸ್ಪಷ್ಟವಾಗಿ ತಿಳಿಯುತ್ತಿತ್ತು. ಕ್ಷಮಿಸದೆ ಪ್ರಾರ್ಥನೆ ಹೇಳುವುದು ಪಾಪವಿರಬಹುದು ಎನಿಸಿ ನಾಚಿಕೆಯೂ ಆಯಿತು. ಆ ಸಿಟ್ಟಿನಲ್ಲಿಯೇ, ಆ ನಾಚಿಕೆಯಲ್ಲಿಯೇ, ತನ್ನ ಮೊದಲಿನ ದೊಡ್ಡ ದನಿಯಲ್ಲಿ ಅವಳು "ನಮಾನ್ ಮರಿಯೆ" ಎಂದು ಮರಿಯಮ್ಮನ ಪ್ರಾರ್ಥನೆಯನ್ನು ಎತ್ತಿದಳು. ಅರ್ಧಕ್ಕೆ ಬಂದು ನಿಲ್ಲಿಸಿದಳು, ನಿಲ್ಲಿಸಲೇಬೇಕು. ಉಳಿದರ್ಧ ಜೊತೆಗಿರುವವರು ಹೇಳಬೇಕಾದದ್ದು. ತಾಯಿಯ ಬೆರಳು ಮಣಿಯನ್ನು ಮತ್ತೆ ಹಿಡಿಯಿತು. ಆಮೇಲೆ ಅವಳು ಉಳಿದರ್ಧ ಹೇಳಿದಳು.